ಬಾಂಡ್ ಪೇಪರ್‌ಗೆ ಮುರಿಯದ ಮದುವೆ

"ಬಾಂಡ್ ಪೇಪರ್ ಮೇಲೆ ಬರ್ಕೊಟ್ಟಾಗಿದೆ, ಇನ್ನೆಂಥ ಕೋರ್ಟು?" ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ದಾಂಪತ್ಯ ಮುರಿದ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಹಿರಿಯರು ಎರಡೂ ಕಡೆಯವರನ್ನು ಜಗಲಿಯಲ್ಲಿ ಕೂರಿಸಿ, ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆಸಿ, ಸಾಕ್ಷಿಗಳ ಸಹಿ, ನೋಟರಿ ಮೊಹರು ಹಾಕಿಸುತ್ತಾರೆ. ಹುಡುಗಿಯ ಕೈಗೆ ಒಂದಿಷ್ಟು ದುಡ್ಡು, ಕೊನೆಗೆ "ಮುಂದೆ ಏನನ್ನೂ ಕೇಳುವುದಿಲ್ಲ" ಎಂಬ ಸಾಲು. ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೊಡುವುದು ನ್ಯಾಯಾಲಯ. ಇಬ್ಬರಿಗೂ ಒಪ್ಪಿಗೆಯಿದ್ದರೆ ದಾರಿ ಸಲೀಸು: ಒಂದು ವರ್ಷ ಬೇರೆ ಇದ್ದ ಮೇಲೆ ಜಂಟಿ ಅರ್ಜಿ ಹಾಕಬಹುದು. ಆನಂತರದ ಆರು ತಿಂಗಳ ಕಾಯುವಿಕೆಯನ್ನೂ ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಒಂದು ವಿನಾಯಿತಿ ಇದೆ. ಸಮುದಾಯದ ರೂಢಿಯಲ್ಲಿ ನಡೆದುಬಂದ ಬಿಡುಗಡೆಯನ್ನು ಅದೇ ಕಾಯ್ದೆಯ 29ನೇ ಸೆಕ್ಷನ್ ಉಳಿಸಿಕೊಂಡಿದೆ. ಉಡಿಕೆ, ಕೂಡಿಕೆ ಎಂಬ ಮರುಮದುವೆಯ ಪದ್ಧತಿಯಿದ್ದ ಸಮುದಾಯಗಳು ನಮ್ಮ ನಾಡಿನಲ್ಲಿವೆ. ಆದರೆ "ನಮ್ಮಲ್ಲಿ ಹಾಗೇ ನಡೀತದೆ" ಎಂದರೆ ಸಾಲದು. ಅಂಥ ರೂಢಿ ಇದೆಯೆಂದು ನ್ಯಾಯಾಲಯದಲ್ಲಿ ಸಾಕ್ಷ್ಯ ಸಮೇತ ಸಾಬೀತು ಮಾಡಬೇಕು.

ಇನ್ನು "ಏನನ್ನೂ ಕೇಳುವುದಿಲ್ಲ" ಎಂಬ ಆ ಸಾಲು. ನನ್ನ ಪ್ರಕಾರ ಅತಿ ಹೆಚ್ಚು ಹೆಣ್ಣುಮಕ್ಕಳ ಬಾಯಿ ಕಟ್ಟಿರುವುದು ಇದೇ. ಕಲಬುರಗಿಯ ಪ್ರಕರಣವೊಂದು ಇಲ್ಲಿ ನೆನಪಾಗಬೇಕು. ಪತ್ನಿಯೊಬ್ಬರು ಜೀವನಾಂಶದ ಕೇಸಿನಲ್ಲಿ ಒಟ್ಟಿಗೆ 8,000 ರೂಪಾಯಿ ಪಡೆದು, ಮುಂದೆ ಕೇಳುವುದಿಲ್ಲವೆಂದು ರಾಜಿಯಾಗಿದ್ದರು. ವರ್ಷಗಳ ನಂತರ ಬದುಕು ಸಾಗದೆ ಮತ್ತೆ ದಾವೆ ಹೂಡಿದರು. ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 2,000 ರೂಪಾಯಿ ಕೊಡಿಸಿತು. ಗಂಡ ಸುಪ್ರೀಂ ಕೋರ್ಟಿನವರೆಗೆ ಹೋದರೂ ಗೆಲ್ಲಲಿಲ್ಲ. ಜೀವನಾಂಶದ ಹಕ್ಕನ್ನೇ ಬಿಟ್ಟುಕೊಡುವ ಇಂಥ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ ಎಂದು 2013ರ ನಾಗೇಂದ್ರಪ್ಪ ನಾಟೀಕಾರ್ ತೀರ್ಪು ಹೇಳಿತು. ಅದು ನ್ಯಾಯಾಲಯದ ಎದುರೇ ಆದ ರಾಜಿ! ಜಗಲಿಯ ಮೇಲೆ ಬರೆದ ಕಾಗದಕ್ಕೆ ಅದಕ್ಕಿಂತ ಹೆಚ್ಚಿನ ಬಲ ಎಲ್ಲಿಂದ ಬರಬೇಕು?

ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಅನೂರ್ಜಿತ. ಈಗಿನ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ, ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ ಜೈಲು. ಅಂಥ ಸಂಬಂಧದಲ್ಲಿ ಹುಟ್ಟಿದ ಮಕ್ಕಳದೇನೂ ತಪ್ಪಿಲ್ಲ, ಕಾನೂನೂ ಅವರನ್ನು ಕೈಬಿಟ್ಟಿಲ್ಲ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕಿದೆ ಎಂದಿತು.

"ಏಳು ವರ್ಷ ಬೇರೆ ಇದ್ರೆ ಮದ್ವೆ ತನ್ನಷ್ಟಕ್ಕೇ ಬಿದ್ದೋಗ್ತದೆ" ಎಂಬುದು ಇನ್ನೊಂದು ನಂಬಿಕೆ. ಇಲ್ಲ, ಇಪ್ಪತ್ತು ವರ್ಷವಾದರೂ ಬೀಳದು. ಏಳು ವರ್ಷದ ಲೆಕ್ಕ ಇರುವುದು ಮನೆ ಬಿಟ್ಟುಹೋಗಿ ಬದುಕಿರುವ ಸುದ್ದಿಯೇ ಇಲ್ಲದವರ ವಿಷಯದಲ್ಲಿ. ಅಲ್ಲಿಯೂ ವಿಚ್ಛೇದನಕ್ಕೆ ನ್ಯಾಯಾಲಯಕ್ಕೇ ಹೋಗಬೇಕು.

ನಮ್ಮ ಅಡಿಕೆ ಸೀಮೆಗೆ ಹೇಳಿಮಾಡಿಸಿದ ವಾದವೊಂದಿದೆ: "ತೋಟ ಅಪ್ಪಯ್ಯನ ಹೆಸರಲ್ಲಿದೆ, ನನ್ನ ಕೈಲಿ ಕಾಸಿಲ್ಲ." ದುಡಿಯುವ ಶಕ್ತಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಅದೇ ಕೋರ್ಟ್ 2020ರಲ್ಲಿ ತೀರ್ಮಾನಿಸಿದ ರಜನೀಶ್ ಪ್ರಕರಣದ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಪಹಣಿ, ಅಡಿಕೆ ಮಾರಿದ ಮಂಡಿಯ ಅಥವಾ ಸೊಸೈಟಿಯ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಸಿಕ್ಕರೆ ಜೋಪಾನವಾಗಿಡಿ. ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೂ ಜೀವನಾಂಶ ಕೇಳುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟಿನ 2024ರ ಜುಲೈ 10ರ ತೀರ್ಪು ದೃಢಪಡಿಸಿದೆ.

ವಿಚ್ಛೇದನ ಪಡೆದವಳು ಮರುಮದುವೆಯಾದರೆ ಅವಳ ಮಾಸಿಕ ಜೀವನಾಂಶ ನಿಲ್ಲುತ್ತದೆ, ನಿಜ. ಮಗುವಿನದು ನಿಲ್ಲದು. ಅಪ್ಪನ ಆಸ್ತಿಯಲ್ಲಿ ಅದರ ಹಕ್ಕೂ ಹೋಗದು. ಇನ್ನು ವಿಧವೆ ಮರುಮದುವೆಯಾದರೆ ಮೊದಲ ಗಂಡನಿಂದ ಬಂದ ಪಾಲು ಬಿಟ್ಟುಕೊಡಬೇಕೆಂಬ ಮಾತು 1856ರ ವಿಧವಾ ಪುನರ್ವಿವಾಹ ಕಾಯ್ದೆಯ ಪಳೆಯುಳಿಕೆ. ಆಗ ಕಾನೂನು ಹಾಗೇ ಇತ್ತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಹಾಗೆ ಬಂದ ಪಾಲಿಗೆ ಅವಳೇ ಪೂರ್ಣ ಒಡತಿ.

ಗಂಡ ಬೆಂಗಳೂರಿನಲ್ಲಿದ್ದರೆ ಅಲ್ಲಿಗೇ ಅಲೆಯಬೇಕೆಂದು ಹೆದರಿ ಸುಮ್ಮನಾದವರೂ ಇದ್ದಾರೆ. 2003ರ ತಿದ್ದುಪಡಿಯ ನಂತರ, ತವರಿಗೆ ಬಂದು ನೆಲೆಸಿದ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ ಅಲ್ಲಿ ಉಚಿತ ವಕೀಲರ ನೆರವಿಗೆ ಆದಾಯದ ಮಿತಿಯಿಲ್ಲ.