ತೈಲ ಬಾವಿಯ ಕೊಳವೆ ಮತ್ತು ಕೆಲಸಗಾರನ ಕೈ

ಊರಿಗೆ ಕೊಳವೆ ಬಾವಿ ಕೊರೆಯುವ ಲಾರಿ ಬಂದರೆ ಮಕ್ಕಳೆಲ್ಲ ಸುತ್ತ ಸೇರುತ್ತಾರೆ. ಕೊರೆಯುವ ಮೊನೆ ನೆಲದೊಳಗೆ ಇಳಿದಂತೆಲ್ಲ ಅದರ ಹಿಂದೆ ಒಂದೊಂದೇ ಕೊಳವೆಯನ್ನು ತಿರುಪಿ ಸೇರಿಸುತ್ತ ಹೋಗುವುದನ್ನು ನೀವೂ ನೋಡಿರಬಹುದು. ಕೆಲಸ ಮುಗಿದ ಮೇಲೆ ಇಳಿಸಿದ ಕೊಳವೆಗಳನ್ನೆಲ್ಲ ಮತ್ತೆ ಒಂದೊಂದಾಗಿ ಬಿಚ್ಚಿ ಹೊರತೆಗೆಯಬೇಕು. ತೈಲ ಬಾವಿಯಲ್ಲಿ ನಡೆಯುವುದೂ ಮೂಲತಃ ಇದೇ ಕೆಲಸ. ಆದರೆ ಅಲ್ಲಿಯ ಆಳ ನೂರಾರು ಅಡಿಯಲ್ಲ, ಸಾವಿರಾರು ಮೀಟರು.

ತೈಲ ಬಾವಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಅಪಾಯವೆಂದರೆ ಆಕಾಶಕ್ಕೆ ಚಿಮ್ಮುವ ಎಣ್ಣೆ, ಬೆಂಕಿಯ ಜ್ವಾಲೆ. ಅಂಥ ಅವಘಡಗಳು ಭಯಂಕರ, ನಿಜ. ಆದರೆ ಅವು ಅಪರೂಪ. ರಿಗ್ಗಿನಲ್ಲಿ, ಎಂದರೆ ಬಾವಿ ಕೊರೆಯುವ ಯಂತ್ರಸ್ಥಾವರದಲ್ಲಿ, ದುಡಿಯುವವರಿಗೆ ದಿನದಿನವೂ ಎದುರಾಗುವ ಅಪಾಯ ಬೇರೆಯೇ ಇದೆ. ಅದು ಭಾರವಾದ ಕೊಳವೆಯನ್ನು ಉರುಳಿಸುವ, ಎತ್ತುವ, ಹಿಡಿಯುವ, ತಿರುಪುವ ಸಾಮಾನ್ಯ ಕೆಲಸದಲ್ಲಿ ಅಡಗಿದೆ. ಈ ಕೆಲಸದಲ್ಲಿ ಬೆರಳು ಕಳೆದುಕೊಂಡವರು, ಕೈ ಜಜ್ಜಿಸಿಕೊಂಡವರು, ಪ್ರಾಣವನ್ನೇ ತೆತ್ತವರು ಅನೇಕರು. ಆದ್ದರಿಂದ ಕೊಳವೆ ಸಾಗಿಸುವ ಸಲಕರಣೆಗಳ ಚರಿತ್ರೆಯೆಂದರೆ, ಮನುಷ್ಯನ ಕೈಯನ್ನು ಕೊಳವೆಯಿಂದ ಸ್ವಲ್ಪ ಸ್ವಲ್ಪವಾಗಿ ದೂರ ಸರಿಸಿದ ಚರಿತ್ರೆ ಎನ್ನಬಹುದು.

ಭಾರ ಎಷ್ಟು?

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯ ಆಳ ಸುಮಾರು 21 ಮೀಟರ್ ಮಾತ್ರ. ಆಗ ಹಗ್ಗಕ್ಕೆ ಭಾರವಾದ ಉಳಿಯನ್ನು ಕಟ್ಟಿ ಎತ್ತಿ ಕುಟ್ಟುವ ವಿಧಾನವಿತ್ತು. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಉಕ್ಕಿ ಬಂದ ಬಳಿಕ ತಿರುಗಿಸಿ ಕೊರೆಯುವ ವಿಧಾನ ಎಲ್ಲೆಡೆ ಹರಡಿತು. ಈ ವಿಧಾನದಲ್ಲಿ ನೆಲದ ಮೇಲಿನಿಂದ ಬಾವಿಯ ತಳದವರೆಗೂ ಕೊಳವೆಗಳ ಉದ್ದನೆಯ ಸರಣಿ ಇರಬೇಕು. ಅದರ ತುದಿಯಲ್ಲಿ ಬಂಡೆಯನ್ನು ಕೊರೆಯುವ 'ಬಿಟ್' ಇರುತ್ತದೆ. ಕೊಳವೆಯ ಒಳಗಿನಿಂದ ಕೆಸರು ದ್ರವವನ್ನು ಒತ್ತಡದಿಂದ ಕೆಳಕ್ಕೆ ನೂಕುತ್ತಾರೆ. ಅದು ಬಂಡೆಯ ಚೂರುಗಳನ್ನು ಹೊತ್ತು ಕೊಳವೆಯ ಹೊರಗಿನಿಂದ ಮೇಲೆ ಬರುತ್ತದೆ.

ಸಾಮಾನ್ಯವಾಗಿ ಬಳಸುವ 5 ಅಂಗುಲ ವ್ಯಾಸದ ಒಂದು ಉಕ್ಕಿನ ಕೊಳವೆಯ ಉದ್ದ ಸುಮಾರು 9.5 ಮೀಟರ್, ತೂಕ ಸುಮಾರು 300 ಕಿಲೋಗ್ರಾಂ. ಬಿಟ್‌ನ ಮೇಲೆ ಭಾರ ಬೀಳಲೆಂದು ಸರಣಿಯ ಕೆಳತುದಿಯಲ್ಲಿ 'ಡ್ರಿಲ್ ಕಾಲರ್' ಎಂಬ ದಪ್ಪ ಗೋಡೆಯ ಕೊಳವೆಗಳನ್ನು ಜೋಡಿಸುತ್ತಾರೆ. 8 ಅಂಗುಲ ವ್ಯಾಸದ ಅಂಥ ಒಂದು ಕೊಳವೆಯೇ ಸುಮಾರು 2 ಟನ್ ತೂಗುತ್ತದೆ. 3000 ಮೀಟರ್ ಆಳದ ಬಾವಿಗೆ 310 ಸಾಮಾನ್ಯ ಕೊಳವೆಗಳು ಮತ್ತು 6 ದಪ್ಪ ಕೊಳವೆಗಳು ಎಂದು ಲೆಕ್ಕ ಹಾಕಿದರೆ ಒಟ್ಟು ತೂಕ 100 ಟನ್ ಮೀರುತ್ತದೆ. ಬಾವಿಯೊಳಗಿನ ಕೆಸರು ದ್ರವ ಇದರ ಸ್ವಲ್ಪ ಭಾರವನ್ನು ತಾನೇ ಹೊರುತ್ತದೆ. ಆರ್ಕಿಮಿಡೀಸನ ತತ್ತ್ವ ನಿಮಗೆ ಗೊತ್ತಲ್ಲವೇ? ದ್ರವದ ಸಾಂದ್ರತೆ ನೀರಿನ 1.2ರಷ್ಟು, ಉಕ್ಕಿನದು 7.85ರಷ್ಟು ಎಂದುಕೊಂಡರೆ, 100 ಟನ್ನಿನ ಸರಣಿ ಸುಮಾರು 85 ಟನ್ನಿನಂತೆ ತೂಗುತ್ತದೆ. ಆದರೂ ಅದೇನು ಕಡಿಮೆಯಲ್ಲ.

ಬಿಟ್ ಸವೆದಾಗ ಈ ಇಡೀ ಸರಣಿಯನ್ನು ಮೇಲೆತ್ತಿ, ಹೊಸ ಬಿಟ್ ಜೋಡಿಸಿ, ಮತ್ತೆ ಇಳಿಸಬೇಕು. ಇದಕ್ಕೆ 'ಟ್ರಿಪ್' ಎನ್ನುತ್ತಾರೆ. ಕೆಲಸ ಬೇಗ ಆಗಲೆಂದು ಮೂರು ಮೂರು ಕೊಳವೆಗಳನ್ನು ಬಿಡಿಸದೆ ಒಂದೇ ತುಂಡಾಗಿ ಗೋಪುರದೊಳಗೆ ನೆಟ್ಟಗೆ ನಿಲ್ಲಿಸುತ್ತಾರೆ. ನಮ್ಮ 3000 ಮೀಟರಿನ ಬಾವಿಯಲ್ಲಿ ಅಂಥ ತುಂಡುಗಳು ಸುಮಾರು 105. ಹೊರತೆಗೆಯುವಾಗ 105 ಸಲ ಬಿಚ್ಚಬೇಕು, ಇಳಿಸುವಾಗ 105 ಸಲ ತಿರುಪಬೇಕು. ಹಗಲಿರಲಿ ರಾತ್ರಿಯಿರಲಿ, ಮಳೆಯಿರಲಿ ಬಿಸಿಲಿರಲಿ, ಜಾರುವ ಕೆಸರಿನ ಅಂಗಳದಲ್ಲಿ ಈ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಒಂದೇ ಕೆಲಸವನ್ನು 210 ಸಲ ಮಾಡುವಾಗ ಒಂದು ಸಲ ಗಮನ ತಪ್ಪಿದರೂ ಸಾಕು.

ಎತ್ತುವುದು ಹೇಗೆ?

ರಿಗ್ಗಿನ ಗೋಪುರದ ತುದಿಯಲ್ಲಿ ರಾಟೆಗಳ ಒಂದು ಗುಂಪು ಸ್ಥಿರವಾಗಿರುತ್ತದೆ. ಅದರಿಂದ ಉಕ್ಕಿನ ಹಗ್ಗದಲ್ಲಿ ಇನ್ನೊಂದು ಗುಂಪು ಕೆಳಗೆ ತೂಗಾಡುತ್ತದೆ. ಹಗ್ಗದ ಒಂದು ತುದಿಯನ್ನು ದೊಡ್ಡ ಉರುಳೆಗೆ ಸುತ್ತಿ ಯಂತ್ರದಿಂದ ಎಳೆಯುತ್ತಾರೆ. ಎರಡು ಗುಂಪುಗಳ ನಡುವೆ ಹಗ್ಗದ 10 ಎಳೆಗಳಿದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, 100 ಟನ್ನಿನ ಭಾರಕ್ಕೆ ಪ್ರತಿ ಎಳೆಯ ಪಾಲು 10 ಟನ್. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಭಾರ 1 ಮೀಟರ್ ಏರಲು 10 ಮೀಟರ್ ಹಗ್ಗ ಸುತ್ತಬೇಕು.

ತೂಗುವ ರಾಟೆಯ ಕೆಳಗೆ 'ಎಲಿವೇಟರ್' ಎಂಬ ಉಕ್ಕಿನ ಕೊರಳಪಟ್ಟಿ ಇರುತ್ತದೆ. ಕೊಳವೆಯ ಮೇಲ್ತುದಿಯ ಬೆಸುಗೆ ಭಾಗ ಉಳಿದ ಭಾಗಕ್ಕಿಂತ ದಪ್ಪ. ಕೊರಳಪಟ್ಟಿ ಬಾಗಿಲಿನಂತೆ ತೆರೆದು, ಕೊಳವೆಯನ್ನು ಆ ದಪ್ಪ ಭಾಗದ ಕೆಳಗೆ ಅಪ್ಪಿ ಮುಚ್ಚಿಕೊಳ್ಳುತ್ತದೆ. ಅದರ ಅಗುಳಿ ಸರಿಯಾಗಿ ಬೀಳದಿದ್ದರೆ ಕೊಳವೆ ಜಾರಿ ಬೀಳುವ ಅಪಾಯವಿದೆ. ತೂಗುವ ರಾಟೆ ಮಿತಿ ಮೀರಿ ಮೇಲಕ್ಕೇರಿ ಗೋಪುರದ ತುದಿಗೆ ಬಡಿಯದಂತೆ, ಯಂತ್ರವನ್ನು ತಾನಾಗಿ ನಿಲ್ಲಿಸುವ ತಡೆಯೂ ಇರುತ್ತದೆ.

ತಾನೇ ಬಿಗಿಯುವ ಬೆಣೆ

ಒಂದು ತುಂಡನ್ನು ಬಿಚ್ಚಿ ಪಕ್ಕಕ್ಕೆ ಇಡುವಾಗ ಬಾವಿಯೊಳಗೆ ಉಳಿದ ನೂರಾರು ಕೊಳವೆಗಳನ್ನು ಯಾರು ಹಿಡಿದಿರುತ್ತಾರೆ? ಅದಕ್ಕೆ 'ಸ್ಲಿಪ್' ಎಂಬ ಬೆಣೆಗಳಿವೆ. ಬಾವಿಯ ಬಾಯಿಯಲ್ಲಿ ಲಾಳಿಕೆಯ ಆಕಾರದ ಉಕ್ಕಿನ ಬಟ್ಟಲು ಇರುತ್ತದೆ. ಬಟ್ಟಲಿಗೂ ಕೊಳವೆಗೂ ನಡುವೆ, ಒಳಮೈಯಲ್ಲಿ ಹಲ್ಲುಗಳಿರುವ ಬೆಣೆಗಳನ್ನು ಇಳಿಸುತ್ತಾರೆ. ಕೊಳವೆ ಕೆಳಕ್ಕೆ ಜಗ್ಗಿದಷ್ಟೂ ಬೆಣೆಗಳು ಕಿರಿದಾದ ಕಡೆಗೆ ಜಾರಿ ಕೊಳವೆಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತವೆ. ಭಾರವೇ ಭಾರವನ್ನು ಹಿಡಿಯುತ್ತದೆ! ದಪ್ಪ ಕಾಲರ್ ಕೊಳವೆಗಳ ಮೈ ತುದಿಯವರೆಗೂ ನುಣುಪು. ಬೆಣೆ ಜಾರಿದರೂ ಕೊಳವೆ ಬಾವಿಗೆ ಬೀಳದಿರಲೆಂದು ಅವುಗಳಿಗೆ ಬೆಣೆಯ ಮೇಲೆ ಇನ್ನೊಂದು ಸುರಕ್ಷಾ ಪಟ್ಟಿಯನ್ನು ಬಿಗಿಯುತ್ತಾರೆ.

ಇಲ್ಲಿ ಒಂದು ನಿಯಮವನ್ನು ಎಂದೂ ಮೀರುವಂತಿಲ್ಲ. ಸರಣಿಯ ಭಾರ ಯಾವ ಕ್ಷಣದಲ್ಲೂ ಒಂದೋ ಕೊರಳಪಟ್ಟಿಯ ಮೇಲೆ, ಇಲ್ಲವೇ ಬೆಣೆಯ ಮೇಲೆ ಇರಲೇಬೇಕು. ಆಧುನಿಕ ರಿಗ್ಗುಗಳಲ್ಲಿ ಒಂದು ಹಿಡಿಯುವ ತನಕ ಇನ್ನೊಂದು ಬಿಡದಂತೆ ಯಂತ್ರಗಳನ್ನೇ ಪರಸ್ಪರ ಕಟ್ಟಿಹಾಕಿರುತ್ತಾರೆ. ಹಿಂದೆ ಮೂವರು ಬಗ್ಗಿ ಬೆಣೆಗಳನ್ನು ಕೈಯಿಂದ ಎತ್ತಿ ಇಡುತ್ತಿದ್ದರು. ಸೊಂಟ ಹಿಡಿಯುವುದು, ಬೆರಳು ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿತ್ತು. ಗಾಳಿಯ ಒತ್ತಡದಿಂದ ಅಥವಾ ಎಣ್ಣೆಯ ಒತ್ತಡದಿಂದ ಏರಿಳಿಯುವ ಬೆಣೆಗಳು ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು.

ಇಕ್ಕಳ, ಸರಪಣಿ ಮತ್ತು ಉಕ್ಕಿನ ಕೆಲಸಗಾರ

ಕೊಳವೆಯ ತಿರುಪನ್ನು ಕೊನೆಯಲ್ಲಿ ಬಿಗಿಗೊಳಿಸಲು ಬೇಕಾದ ತಿರುಚುಬಲ, ಎಂದರೆ ಟಾರ್ಕ್, ಬಹಳ ದೊಡ್ಡದು. ಅದನ್ನು 36,000 ನ್ಯೂಟನ್-ಮೀಟರ್ ಎಂದು ಇಟ್ಟುಕೊಳ್ಳಿ. 1.2 ಮೀಟರ್ ಉದ್ದದ ಇಕ್ಕಳದ ಹಿಡಿಯ ತುದಿಯಲ್ಲಿ 30,000 ನ್ಯೂಟನ್, ಎಂದರೆ ಸುಮಾರು 3 ಟನ್ ಭಾರಕ್ಕೆ ಸಮನಾದ ಎಳೆತ ಬೇಕು. ಮನುಷ್ಯನ ತೋಳಿಗೆ ಇದು ಅಸಾಧ್ಯ. ಆದ್ದರಿಂದ 'ಟಾಂಗ್' ಎಂಬ ಎರಡು ದೊಡ್ಡ ಇಕ್ಕಳಗಳನ್ನು ಗೋಪುರದಿಂದ ತೂಗುಬಿಟ್ಟಿರುತ್ತಾರೆ. ಕೆಳಗಿನದು ಕೊಳವೆ ತಿರುಗದಂತೆ ಹಿಡಿಯುತ್ತದೆ. ಮೇಲಿನದನ್ನು ಯಂತ್ರ ಎಳೆಯುತ್ತದೆ. ಎಳೆಯುವ ಹಗ್ಗ ತುಂಡಾದರೆ ಅಥವಾ ಇಕ್ಕಳದ ಹಿಡಿತ ತಪ್ಪಿದರೆ ಅಷ್ಟು ಭಾರದ ಉಕ್ಕು ಬೀಸಿ ಬರುತ್ತದೆ. ಅದರ ದಾರಿಯಲ್ಲಿ ನಿಂತವನಿಗೆ ಉಳಿಗಾಲವಿಲ್ಲ.

ಅದಕ್ಕಿಂತಲೂ ಕೆಟ್ಟ ಹೆಸರು ಪಡೆದದ್ದು ಸರಪಣಿ. ತಿರುಪನ್ನು ಬೇಗ ಸುತ್ತಿಸಲು ಕೊಳವೆಗೆ ಸರಪಣಿಯನ್ನು ಸುತ್ತಿ, ಅದರ ತುದಿಯನ್ನು ಯಂತ್ರದಿಂದ ಎಳೆಸುತ್ತಿದ್ದರು. ಬುಗುರಿಗೆ ಚಾಟಿ ಸುತ್ತಿ ಎಳೆದಂತೆ ಕೊಳವೆ ಗಿರ್ರನೆ ತಿರುಗುತ್ತಿತ್ತು. ಸರಪಣಿಯನ್ನು ಚಾಕಚಕ್ಯತೆಯಿಂದ ಎಸೆಯುವವನಿಗೆ ತಂಡದಲ್ಲಿ ದೊಡ್ಡ ಗೌರವ. ಆದರೆ ಕೈಗವಸಿನ ತುದಿ ಸರಪಣಿಗೂ ಕೊಳವೆಗೂ ನಡುವೆ ಸಿಕ್ಕಿದರೆ ಬೆರಳುಗಳು ಉಳಿಯುತ್ತಿರಲಿಲ್ಲ. ಕೌಶಲಕ್ಕೂ ಅಂಗವೈಕಲ್ಯಕ್ಕೂ ನಡುವಿನ ಅಂತರ ಅರೆ ಕ್ಷಣವಷ್ಟೇ.

ಈ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುವ ಯಂತ್ರ 1970ರ ದಶಕದಲ್ಲಿ ಬಂತು. ಅಮೆರಿಕದ ತೈಲ ಕ್ಷೇತ್ರಗಳಲ್ಲಿ ರಿಗ್ ಅಂಗಳದ ಕೂಲಿಗಾರನಿಗೆ 'ರಫ್‌ನೆಕ್' ಎಂಬ ಅಡ್ಡಹೆಸರು. ಆದ್ದರಿಂದ ಈ ಯಂತ್ರಕ್ಕೆ 'ಐರನ್ ರಫ್‌ನೆಕ್', ಎಂದರೆ ಉಕ್ಕಿನ ಕೆಲಸಗಾರ, ಎಂದು ಹೆಸರಾಯಿತು. ಅದು ಬಾವಿಯ ಬಾಯಿಯವರೆಗೆ ಸರಿದು ಬರುತ್ತದೆ. ಕೆಳಗಿನ ದವಡೆ ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ, ಉರುಳೆಗಳು ಮೇಲಿನ ಕೊಳವೆಯನ್ನು ವೇಗವಾಗಿ ಸುತ್ತಿಸುತ್ತವೆ, ಕೊನೆಗೆ ಮೇಲಿನ ದವಡೆ ನಿಗದಿಯಾದಷ್ಟೇ ತಿರುಚುಬಲದಿಂದ ಬಿಗಿಯುತ್ತದೆ. ನಡೆಸುವವನು ದೂರದಲ್ಲಿ ನಿಂತು ಹಿಡಿಕೆ ಒತ್ತಿದರೆ ಸಾಕು. ಬಿಗಿತವೂ ಪ್ರತಿ ಸಲ ಒಂದೇ ಸಮ ಇರುವುದರಿಂದ ತಿರುಪುಗಳೂ ಹಾಳಾಗುವುದಿಲ್ಲ.

1980ರ ದಶಕದ ಆರಂಭದಲ್ಲಿ 'ಟಾಪ್ ಡ್ರೈವ್' ಬಂದಿತು. ಇದು ಗೋಪುರದೊಳಗೆ ತೂಗುತ್ತ ಕೊಳವೆಯನ್ನು ಮೇಲಿನಿಂದಲೇ ತಿರುಗಿಸುವ ಮೋಟಾರು. ಅಲ್ಲಿಯವರೆಗೆ ಕೊರೆಯುವಾಗ ಒಂದೊಂದೇ ಕೊಳವೆಯನ್ನು ಸೇರಿಸಬೇಕಾಗಿತ್ತು. ಈಗ ಮೂರು ಕೊಳವೆಗಳ ತುಂಡನ್ನೇ ಸೇರಿಸಬಹುದು. ಜೋಡಿಸುವ ಸಂದರ್ಭಗಳು ಮೂರನೆಯ ಒಂದು ಭಾಗಕ್ಕೆ ಇಳಿದವು. ಅಪಾಯದ ಕ್ಷಣಗಳೂ ಅಷ್ಟೇ ಕಡಿಮೆಯಾದವು.

ಅಂಗಳದಲ್ಲಿ, ಗೋಪುರದ ಮೇಲೆ

ಅಪಾಯ ಬಾವಿಯ ಬಾಯಿಯಲ್ಲಷ್ಟೇ ಇಲ್ಲ. ಅಂಗಳದಲ್ಲಿ ಕೊಳವೆಗಳನ್ನು ಅಟ್ಟಣೆಯ ಮೇಲೆ ಮಲಗಿಸಿರುತ್ತಾರೆ. 300 ಕಿಲೋಗ್ರಾಮಿನ ಕೊಳವೆ ಉರುಳತೊಡಗಿದರೆ ಕಾಲು ಕೊಟ್ಟು ತಡೆಯಲಾಗದು. ಅದಕ್ಕೇ ಸಾಲಿನ ಕೊನೆಗೆ ತಡೆಗೂಟಗಳಿರಬೇಕು. ಹಿಂದೆ ಕೊಳವೆಗೆ ಹಗ್ಗ ಬಿಗಿದು ಇಳಿಜಾರಿನ ಮೇಲೆ ಎಳೆದು ರಿಗ್ಗಿನ ಮಹಡಿಗೆ ಏರಿಸುತ್ತಿದ್ದರು. ಮಹಡಿ ಸೇರಿದ ಕೊಳವೆ ತೊಟ್ಟಿಲಿನಂತೆ ತೂಗಿ ಬರುತ್ತಿತ್ತು. ಅದನ್ನು ಮೈಯೊಡ್ಡಿ ನಿಲ್ಲಿಸುವುದೂ ಕೆಲಸಗಾರನ ಪಾಲಿಗೇ ಬರುತ್ತಿತ್ತು. ಈಗ ಅನೇಕ ರಿಗ್ಗುಗಳಲ್ಲಿ ಕೊಳವೆಯನ್ನು ತೊಟ್ಟಿಯಲ್ಲಿ ಮಲಗಿಸಿಕೊಂಡು ತಾನೇ ಮೇಲೇರಿಸಿ ಒಪ್ಪಿಸುವ ಯಂತ್ರವಿದೆ.

ಗೋಪುರದಲ್ಲಿ ಸುಮಾರು 25 ಮೀಟರ್ ಎತ್ತರದ ಕಿರಿದಾದ ಹಲಗೆಯ ಮೇಲೆ ಒಬ್ಬ ನಿಂತಿರುತ್ತಾನೆ. ಸುಮಾರು 900 ಕಿಲೋಗ್ರಾಮಿನ ತುಂಡಿನ ಮೇಲ್ತುದಿಯನ್ನು ಬಳಸಿ ಎಳೆದು, ಬಾಚಣಿಗೆಯ ಹಲ್ಲಿನಂಥ ಕಂಬಿಗಳ ನಡುವೆ ಸೇರಿಸುವುದು ಅವನ ಕೆಲಸ. ಅವನಿಗೆ ಸೊಂಟಪಟ್ಟಿ ಬೇಕು, ಅವಘಡವಾದರೆ ಜಾರಿ ಇಳಿಯಲು ತಂತಿ ಬೇಕು. ಅಲ್ಲಿಂದ ಕೈತಪ್ಪಿದ ಅರ್ಧ ಕಿಲೋಗ್ರಾಮಿನ ಸ್ಪ್ಯಾನರ್ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್! ಆದ್ದರಿಂದ ಮೇಲೆ ಒಯ್ಯುವ ಪ್ರತಿ ಉಪಕರಣವನ್ನೂ ದಾರದಿಂದ ಕಟ್ಟಿರಬೇಕು. ಗಾಳಿ, ಅಲೆ, ಚಳಿ ಎಲ್ಲವೂ ಹೆಚ್ಚಾಗಿರುವ ಯೂರೋಪಿನ ಉತ್ತರ ಸಮುದ್ರದ ರಿಗ್ಗುಗಳಲ್ಲಿ ಈ ಕೆಲಸವನ್ನು ಯಂತ್ರದ ತೋಳುಗಳು ಮಾಡುತ್ತವೆ. ಹಲಗೆಯ ಮೇಲೆ ಮನುಷ್ಯನೇ ಬೇಕಿಲ್ಲ.

ಯಂತ್ರ ಬಂದರೆ ಸಾಕೇ?

ನಮ್ಮ ದೇಶದಲ್ಲಿ ತೈಲ ಬಾವಿ ಕೊರೆಯುವ ಕೆಲಸ ಹಳೆಯದು. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1889ರಲ್ಲೇ ಕೊರೆತ ಆರಂಭವಾಗಿತ್ತು. 1974ರಲ್ಲಿ 'ಸಾಗರ್ ಸಾಮ್ರಾಟ್' ರಿಗ್ ಮುಂಬಯಿಯ ಪಶ್ಚಿಮಕ್ಕೆ ಸಮುದ್ರದಲ್ಲಿ ತೈಲವನ್ನು ಕಂಡುಹಿಡಿಯಿತು. ಕಾನೂನಿನ ದೃಷ್ಟಿಯಲ್ಲಿ ತೈಲ ಬಾವಿಯೂ ಒಂದು ಗಣಿಯೇ. 1984ರಲ್ಲಿ ಬಂದ ತೈಲ ಗಣಿ ನಿಯಮಗಳನ್ನು 2017ರಲ್ಲಿ ಹೊಸದಾಗಿ ರೂಪಿಸಲಾಯಿತು.

ಆದರೂ ಜಗತ್ತಿನ ಎಲ್ಲ ರಿಗ್ಗುಗಳಲ್ಲೂ ಉಕ್ಕಿನ ಕೆಲಸಗಾರ ಇಲ್ಲ. ಯಂತ್ರ ದುಬಾರಿ. ನೆಲದ ಮೇಲಿನ ಹಳೆಯ ರಿಗ್ಗುಗಳಲ್ಲಿ ಇಕ್ಕಳ ಹಿಡಿಯುವ ಕೈಗಳು ಇಂದಿಗೂ ಇವೆ. ಯಂತ್ರವಿದ್ದಲ್ಲಿಯೂ ಅಪಾಯ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ. ಯಂತ್ರದ ತೋಳಿಗೆ ದಾರಿಯಲ್ಲಿ ನಿಂತವನು ಮನುಷ್ಯನೋ ಕಂಬವೋ ತಿಳಿಯದು. ಹೀಗಾಗಿ ಅಂಗಳದಲ್ಲಿ ಕೆಂಪು ಬಣ್ಣದ ಗೆರೆ ಎಳೆದು, ಯಂತ್ರ ನಡೆಯುವಾಗ ಅದರೊಳಗೆ ಯಾರೂ ಕಾಲಿಡಬಾರದೆಂದು ಕಟ್ಟು ಮಾಡುತ್ತಾರೆ. ದುರಸ್ತಿಗೆ ಮುನ್ನ ಯಂತ್ರದ ಶಕ್ತಿಯನ್ನು ಕಡಿದು ಬೀಗ ಹಾಕುತ್ತಾರೆ. ಅಪಾಯ ಕಂಡರೆ ಹೊಸದಾಗಿ ಸೇರಿದ ಹುಡುಗನೂ 'ನಿಲ್ಲಿಸಿ' ಎನ್ನಬಹುದು, ಎಲ್ಲರೂ ನಿಲ್ಲಿಸಬೇಕು ಎಂಬ ಪದ್ಧತಿಯೂ ಇದೆ. ಬಹುಶಃ ಎಲ್ಲ ಸಲಕರಣೆಗಳಿಗಿಂತ ಇದೇ ದೊಡ್ಡದು.

ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗಬಹುದು. ಯಾವುದೇ ಯಂತ್ರವನ್ನು ರೂಪಿಸುವಾಗ ಅದು ಎಷ್ಟು ಬೇಗ ಕೆಲಸ ಮಾಡುತ್ತದೆ ಎಂದು ಕೇಳುವ ಮುನ್ನ, ಅದರ ಬಳಿ ನಿಂತವನ ಕೈ ಎಲ್ಲಿರುತ್ತದೆ ಎಂದು ಕೇಳಿಕೊಳ್ಳಿ.

ಲೆಕ್ಕ ಹಾಕಿ ನೋಡಿ

1. ರಾಟೆಗಳ ನಡುವೆ 12 ಎಳೆಗಳಿವೆ. 120 ಟನ್ ಭಾರವನ್ನು 28.5 ಮೀಟರ್ ಎತ್ತಬೇಕು. ಘರ್ಷಣೆಯನ್ನು ಬಿಟ್ಟರೆ ಒಂದು ಎಳೆಯ ಪಾಲು ಎಷ್ಟು? ಎಷ್ಟು ಹಗ್ಗ ಸುತ್ತಬೇಕು?

2. 36,000 ನ್ಯೂಟನ್-ಮೀಟರ್ ತಿರುಚುಬಲ ಬೇಕು, ಆದರೆ ಇಕ್ಕಳದ ಹಿಡಿ 0.9 ಮೀಟರ್ ಮಾತ್ರ. ಎಳೆತ ಎಷ್ಟಿರಬೇಕು?

3. ಬಾಗಿಲಿನ ಕೆಳಗೆ ಸಿಕ್ಕಿಸಿದ ಮರದ ಬೆಣೆ, ಬಾಗಿಲನ್ನು ನೂಕಿದಷ್ಟೂ ಬಿಗಿಯಾಗುತ್ತದೆ. ಏಕೆ? ಇದಕ್ಕೂ ಬಾವಿಯ ಬೆಣೆಗೂ ಇರುವ ಹೋಲಿಕೆ ಏನು?

(ಉತ್ತರ: 1. 10 ಟನ್, 342 ಮೀಟರ್. 2. 40,000 ನ್ಯೂಟನ್, ಎಂದರೆ ಸುಮಾರು 4 ಟನ್ ಭಾರದಷ್ಟು. 3. ನೀವೇ ಮಾಡಿ ನೋಡಿ ಹೇಳಿ.)