ಪೊಟ್ಯಾಷ್ ಎಂಬ ಹೆಸರಿನ ಹಿನ್ನೆಲೆ

‘ಮ್ಯೂರಿಯೇಟ್ ಆಫ್ ಪೊಟ್ಯಾಷ್’ ಚೀಲ ಕೊಳ್ಳುವಾಗ ಹಲವು ರೈತರು ಬರೀ ‘ಪೊಟ್ಯಾಷ್’ ಎಂದು ಕೇಳುವುದು ವಾಡಿಕೆ. ಬಹುಪಾಲು ಬೆಳೆಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣಗಳ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರು ಕೈಬಿಟ್ಟ ಆ ಮೊದಲ ಪದವನ್ನೇ ಮುಖ್ಯವಾಗಿ ಗಮನಿಸಬೇಕು.

ಹಿಂದೆ ಯೂರೋಪಿನಲ್ಲಿ ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ಬಸಿದ ತಿಳಿಯನ್ನು ಪಾತ್ರೆಯಲ್ಲಿ ಬತ್ತಿಸುತ್ತಿದ್ದರು. ತಳದಲ್ಲಿ ಉಳಿಯುತ್ತಿದ್ದ ಕ್ಷಾರವು ಸಾಬೂನು ಮತ್ತು ಗಾಜಿನ ತಯಾರಿಕೆಗೆ ಬೇಕಾಗಿತ್ತು. ಪಾತ್ರೆಯನ್ನು ಸೂಚಿಸುವ ‘ಪಾಟ್’, ಬೂದಿಯನ್ನು ಸೂಚಿಸುವ ‘ಆಷ್’ ಕೂಡಿ ಪೊಟ್ಯಾಷ್ ಆಯಿತು. 1807ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಕರಗಿಸಿದ ಪೊಟ್ಯಾಷ್ ಮೂಲಕ ವಿದ್ಯುತ್ ಹರಿಸಿ ಹೊಸ ಲೋಹವೊಂದನ್ನು ಪಡೆದು ‘ಪೊಟ್ಯಾಸಿಯಂ’ ಎಂದು ಕರೆದನು. ಜರ್ಮನರು ಅದನ್ನೇ ‘ಕೇಲಿಯಂ’ ಎಂದರು. ಗಿಡದ ಬೂದಿಯನ್ನು ಸೂಚಿಸುವ ಅರಬ್ಬಿ ಪದವೇ ಇದರ ಮೂಲ. ‘ಆಲ್ಕಲಿ’ ಎಂಬುದೂ ಅಲ್ಲಿಂದಲೇ ಬಂದದ್ದು. ಎನ್-ಪಿ-ಕೆ ಎಂಬುದರಲ್ಲಿ ‘ಕೆ’ ಅಕ್ಷರ ಸೇರಿದ್ದು ಹೀಗೆ.

ಇನ್ನು ಮ್ಯೂರಿಯೇಟ್. ಲ್ಯಾಟಿನ್ ಭಾಷೆಯಲ್ಲಿ ‘ಮ್ಯೂರಿಯಾ’ ಎಂದರೆ ಉಪ್ಪುನೀರು. ಉಪ್ಪಿನಿಂದ ತೆಗೆದ ಆಮ್ಲವನ್ನು ಮ್ಯೂರಿಯಾಟಿಕ್ ಆಮ್ಲವೆಂದೂ ಅದರ ಲವಣಗಳನ್ನು ಮ್ಯೂರಿಯೇಟ್‌ಗಳೆಂದೂ ಹಳೆಯ ರಸಾಯನಶಾಸ್ತ್ರಜ್ಞರು ಕರೆಯುತ್ತಿದ್ದರು. 1810ರಲ್ಲಿ ಅದೇ ಡೇವಿ ಅದರಲ್ಲಿರುವ ಹಳದಿ-ಹಸಿರು ಅನಿಲವು ಒಂದು ಮೂಲವಸ್ತುವೆಂದು ತೋರಿಸಿ, ಆ ಬಣ್ಣದ ಗ್ರೀಕ್ ಹೆಸರಿನಿಂದ ‘ಕ್ಲೋರೀನ್’ ಎಂದನು. ಪುಸ್ತಕಗಳಲ್ಲಿ ಮ್ಯೂರಿಯೇಟ್ ಹೋಗಿ ಕ್ಲೋರೈಡ್ ಬಂದಿತು. ಗೊಬ್ಬರದ ವ್ಯಾಪಾರದಲ್ಲಿ ಮಾತ್ರ ಹಳೆಯ ಹೆಸರೇ ನಿಂತಿತು.

ಎಲೆಯಲ್ಲಿ ಕ್ಲೋರೈಡ್ ಹೆಚ್ಚಾದರೆ ಹೊಗೆಸೊಪ್ಪು ಸರಿಯಾಗಿ ಉರಿಯದೆ ಗುಣಮಟ್ಟ ಕೆಡುತ್ತದೆ. ಆದ್ದರಿಂದಲೇ ಈ ಬೆಳೆಗೆ ‘ಸಲ್ಫೇಟ್ ಆಫ್ ಪೊಟ್ಯಾಷ್’ ಬಳಸಬೇಕು. (ತೆಂಗಿಗಾದರೋ ಅದೇ ಕ್ಲೋರೈಡ್ ಹಿತ!)

ಚೀಲದ ಮೇಲಿನ ಶೇಕಡಾ 60ರಲ್ಲಿಯೂ ಹಳೆಯ ರೂಢಿಯೊಂದು ಅಡಗಿದೆ. ಇದು ಪೊಟ್ಯಾಸಿಯಂ ಲೋಹದ ಪ್ರಮಾಣವಲ್ಲ. ಅದು ಸುಮಾರು 50 ಮಾತ್ರ. ಅಂಶವನ್ನು ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕುತ್ತಿದ್ದ ಹಿಂದಿನವರ ಪದ್ಧತಿ ಇಂದಿಗೂ ಉಳಿದಿದೆ. ಚೀಲದೊಳಗೆ ಆ ಆಕ್ಸೈಡ್ ಇರುವುದೇ ಇಲ್ಲ! ಶಿಫಾರಸುಗಳೂ ಇದೇ ಲೆಕ್ಕದಲ್ಲಿರುವುದರಿಂದ ರೈತರು ಬೇರೆ ಪರಿವರ್ತನೆ ಮಾಡಬೇಕಿಲ್ಲ. 40 ಕಿಲೋಗ್ರಾಂ ಪೊಟ್ಯಾಷ್ ಒದಗಿಸಲು ಮ್ಯೂರಿಯೇಟ್ ಆದರೆ ಸುಮಾರು 67 ಕಿಲೋಗ್ರಾಂ, ಶೇಕಡಾ 50ರ ಸಲ್ಫೇಟ್ ಆದರೆ 80 ಕಿಲೋಗ್ರಾಂ ಬೇಕಾಗುತ್ತದೆ.