ಸೈಬರ್ ಸೆಂಟರಿನ ಅಣ್ಣ ಕೇಳಿದ ಪ್ರಶ್ನೆ

'ತಮ್ಮಾ, ಪೋರಿದು ಐದನೇ ಕ್ಲಾಸ್ ಮುಗಿಲಾಕ ಬಂತು. ಆದರ್ಶ ಪರೀಕ್ಷಾ ಬರಸ್ಲೇನು, ಇಲ್ಲಾ ನಮ್ಮೂರ ಸಾಲ್ಯಾಗೇ ಬಿಡ್ಲೇನು? ನಿಮ್ಮ ಮಾಮಾ ಅಂತೂ ಇಂಟರ್‌ನ್ಯಾಷನಲ್ ಸ್ಕೂಲಿಗೇ ಹಾಕೂಣು ಅಂತ ಹಟ ಹಿಡದು ಕುಂತಾರ.'

ಕಳೆದ ತಿಂಗಳು ಆಳಂದ ತಾಲ್ಲೂಕಿನ ಹಳ್ಳಿಯಿಂದ ಅಕ್ಕನ ಫೋನು. ನಾನು ಆಗ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅಕ್ಕ ನನ್ನನ್ನೇ ಕೇಳಲು ಕಾರಣವಿದೆ. ನಮ್ಮ ಮನೆತನದಲ್ಲಿ 'ಇಂಟರ್‌ನ್ಯಾಷನಲ್' ಓದಿದವನು ನಾನೊಬ್ಬನೇ. ಅದು ನನಗೆ ಏನು ಕೊಟ್ಟಿತು, ಏನು ಕಸಿಯಿತು ಎಂಬ ಲೆಕ್ಕ ನನ್ನ ಹತ್ತಿರವೇ ಇರಬೇಕು ಎಂದು ಅವಳ ನಂಬಿಕೆ. 'ನಾಳೆ ಹೇಳ್ತೀನಿ ಅಕ್ಕಾ' ಎಂದೆ. ನಾಳೆ ಹೇಳಲಿಲ್ಲ. ವಾರಗಟ್ಟಲೆ ಯೋಚನೆ ಮಾಡಿದೆ.

ನಮ್ಮೂರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ. ನಾಲ್ಕು ಎಕರೆ ತೊಗರಿ, ಒಂದಿಷ್ಟು ಕಬ್ಬು. ನಾನು ಒಂದನೇ ತರಗತಿಗೆ ಹೋಗುವ ವರ್ಷ ಊರಿಗೆ ಹಳದಿ ವ್ಯಾನು ಬರತೊಡಗಿತ್ತು. ಅದರ ಮೈಮೇಲೆ ಭೂಗೋಳದ ಚಿತ್ರ, ಮೇಲೆ ದೊಡ್ಡ ಅಕ್ಷರದಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್. ಅಪ್ಪ ಅಡತ ಅಂಗಡಿಯಲ್ಲಿ ಮುಂಗಡ ಸಾಲ ತಂದು ಫೀ ಕಟ್ಟಿದ. ತೊಗರಿ ಬಂದಾಗ ಆ ಸಾಲ ಮುರಿದುಕೊಳ್ಳುತ್ತಿದ್ದರು. ಮುಂದಿನ ವರ್ಷ ಮತ್ತೆ ಸಾಲ. ಹತ್ತು ವರ್ಷ ಹೀಗೇ ನಡೆಯಿತು.

ಹೈಸ್ಕೂಲಿನ ದಿನಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಮಜವಾಗಿಯೇ ಇದ್ದವು. ಕಬ್ಬು ಕಟಾವಿನ ಕಾಲದಲ್ಲಿ ನಮ್ಮ ವ್ಯಾನು ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಿಟಕಿಯಿಂದ ಕೈಹಾಕಿ ಕಬ್ಬು ಎಳೆದು, ಟೈ ಕಟ್ಟಿಕೊಂಡೇ ಸಿಗಿದು ತಿನ್ನುತ್ತಿದ್ದೆವು. ನಮ್ಮ ಭಾಗದ ಬಿಸಿಲಿನಲ್ಲಿ ಟೈ, ಬೂಟು, ಕಾಲುಚೀಲ! ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ. ದಂಡ ತಪ್ಪಿಸಿಕೊಳ್ಳಲು ನಾವು ಇಂಗ್ಲಿಷ್ ಕಲಿಯಲಿಲ್ಲ, ಮಾತಾಡುವುದನ್ನೇ ಕಡಿಮೆ ಮಾಡಿದೆವು. ಗಣಿತದ ಸರ್ ಒಂಬತ್ತನೇ ತರಗತಿಯ ದೀಪಾವಳಿ ರಜೆಗೆ ಹೋದವರು ಮರಳಿ ಬರಲಿಲ್ಲ. ಉಳಿದ ಪಾಠಗಳನ್ನು ಗೈಡ್ ನೋಡಿ ನಾವೇ ಮಾಡಿಕೊಂಡೆವು.

ಬೋರ್ಡ್ ಏನೇ ಇರಲಿ, ಪಠ್ಯ ರಾಜ್ಯ ಸರ್ಕಾರದ್ದೇ, ಬರೆದದ್ದು ಎಸ್ಸೆಸ್ಸೆಲ್ಸಿಯನ್ನೇ. ನಿಜವಾದ ಅಂತರರಾಷ್ಟ್ರೀಯ ಶಾಲೆ ಎಂದರೆ ಏನೆಂದು ನನಗೆ ಗೊತ್ತಾಗಿದ್ದು ಇಲ್ಲಿ ಎಂ.ಎ.ಗೆ ಬಂದ ಮೇಲೆ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ವ್ಯವಸ್ಥೆ ಇದೆ. ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ ನಡೆಯುವುದು ಅದು, ಇಲ್ಲವೇ ಕೇಂಬ್ರಿಜ್ ಪಠ್ಯ. ಬ್ಯಾಕಲೋರಿಯೇಟ್‌ನ ಕೊನೆಯ ಎರಡು ವರ್ಷ ಆರು ವಿಷಯ ಆರಿಸಿಕೊಂಡು ಓದಬೇಕು. ಜೊತೆಗೆ ತನ್ನದೇ ಪ್ರಶ್ನೆ ಹಿಡಿದು ನಾಲ್ಕು ಸಾವಿರ ಪದಗಳವರೆಗಿನ ಪ್ರಬಂಧ ಬರೆಯಬೇಕು. ಅದೆಲ್ಲ ಇರಲಿ. ನನಗೆ ಹೊಟ್ಟೆಕಿಚ್ಚಾಗಿದ್ದು ಇನ್ನೊಂದಕ್ಕೆ: ಅಂಥ ಶಾಲೆಗಳಲ್ಲಿ ಮುಂದೇನು ಓದಬೇಕು, ಎಲ್ಲಿ, ಯಾವ ಪರೀಕ್ಷೆ, ಯಾವ ಕಾಗದ ಬೇಕು ಎಂದು ಮಕ್ಕಳ ಜೊತೆ ಕೂತು ಮಾತಾಡಲಿಕ್ಕೆಂದೇ ಒಬ್ಬರು ಇರುತ್ತಾರಂತೆ. ನಮಗೆ ಆ ಕೆಲಸ ಮಾಡಿದವನು ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನ ಅಣ್ಣ.

ಪಿಯುಸಿ ವಿಜ್ಞಾನ ಓದುವಾಗ ಸಿಇಟಿ ಅರ್ಜಿ ತುಂಬಲು ಅವನ ಹತ್ತಿರ ಹೋಗಿದ್ದೆ. ಜೊತೆಗೆ ಕಾಕಾನ ಮಗಳೂ ಇದ್ದಳು. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದೇ ಅಂಗಳದಲ್ಲಿ ಬೆಳೆದವರು. ಅವಳು ಊರ ಸರ್ಕಾರಿ ಶಾಲೆಯಲ್ಲಿ ಓದಿ, ಎಂಟನೇ ತರಗತಿಯಲ್ಲಿ ಕೊಟ್ಟ ಸರ್ಕಾರಿ ಸೈಕಲ್ ತುಳಿದು ಪಕ್ಕದೂರಿನ ಹೈಸ್ಕೂಲಿಗೆ ಹೋದವಳು. ಅಣ್ಣ ಕೀಬೋರ್ಡಿನಿಂದ ತಲೆ ಎತ್ತದೆ ಕೇಳಿದ:

'ಗ್ರಾಮೀಣ ಅದಾ? ಕನ್ನಡ ಮಾಧ್ಯಮ ಅದಾ?'

'ಅದಾವ್ರಿ' ಎಂದಳು ಅವಳು, ಬಿಇಒ ಕಚೇರಿಯ ಸಹಿ ಇದ್ದ ಎರಡು ಹಾಳೆ ಮುಂದಿಟ್ಟು. ನನ್ನ ಸರದಿ ಬಂದಾಗ 'ನಾನೂ ಅದೇ ಊರವನೇ, ಗ್ರಾಮೀಣವೇ' ಎಂದೆ. ಅಣ್ಣ ನಕ್ಕ. 'ಊರಲ್ಲೋ ತಮ್ಮಾ, ಸಾಲಿ ಎಲ್ಲಿತ್ತು ಹೇಳು.'

ಅಲ್ಲಿಯವರೆಗೆ ನನಗಾಗಲಿ ಅಪ್ಪನಿಗಾಗಲಿ ಗೊತ್ತಿರದಿದ್ದ ಸಂಗತಿ ಇದು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸ್‌ಗಳಲ್ಲಿ ಶೇ 15ರಷ್ಟು ಸೀಟು ಮೀಸಲು. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಮನೆ ಎಲ್ಲಿದೆ ಎಂಬುದಲ್ಲ, ಶಾಲೆ ಎಲ್ಲಿತ್ತು ಎಂಬುದು ಲೆಕ್ಕ. ನನ್ನ ಶಾಲೆ ಅಫಜಲಪುರ ಪಟ್ಟಣದ ಮಿತಿಯೊಳಗೆ ಇತ್ತು. ದಿನಾ ಸಂಜೆ ಎಮ್ಮೆ ಹೊಡೆದುಕೊಂಡು ಹೊಳೆಗೆ ಹೋಗುತ್ತಿದ್ದ ನಾನು ಕಾಗದದ ಮೇಲೆ ನಗರವಾಸಿ. ಹತ್ತು ವರ್ಷದ ಫೀ ಕಟ್ಟಿ ನಾವು ಎರಡು ಮೀಸಲಾತಿ ಕಳೆದುಕೊಂಡಿದ್ದೆವು.

ಉಳಿದದ್ದು 371 (ಜೆ). ಅದು ನಮ್ಮ ಭಾಗದ ಎಲ್ಲರಿಗೂ ಗೊತ್ತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8 ಸೀಟು. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ನನ್ನ ಹತ್ತಿರವೂ ಇತ್ತು, ಅವಳ ಹತ್ತಿರವೂ ಇತ್ತು, ನಮ್ಮ ಕಾಲೇಜಿನ ಪ್ರತಿಯೊಬ್ಬರ ಹತ್ತಿರವೂ ಇತ್ತು. ಎಲ್ಲರ ಕೈಯಲ್ಲೂ ಇರುವ ಕೊಡೆಯಿಂದ ಮಳೆಯಲ್ಲಿ ಯಾರೂ ಮುಂದೆ ಹೋಗುವುದಿಲ್ಲ.

ಇಬ್ಬರಿಗೂ ಬಿಎಸ್ಸಿ ಕೃಷಿ ಬೇಕಿತ್ತು. ರೈತರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಉಪಕರಣ ಇಟ್ಟಿರುತ್ತಾರೆ, ಗುರುತಿಸಿ ಬರೆಯಬೇಕು. ಅಲ್ಲಿ ಒಂದು ಬಟ್ಟಲಲ್ಲಿ ಗುರೆಳ್ಳು ಇತ್ತು. ನೋಡಿದ ಕೂಡಲೇ ಗೊತ್ತಾಯಿತು. ಆದರೆ ಇಂಗ್ಲಿಷಿನಲ್ಲೇ ಬರೆದರೆ ತೂಕ ಎಂಬ ಹಳೆ ರೋಗ. ಇಂಗ್ಲಿಷ್ ಹೆಸರು ಗೊತ್ತಿಲ್ಲದೆ 'ಬ್ಲ್ಯಾಕ್ ಸೆಸೇಮ್' ಎಂದು ಬರೆದು ಬಂದೆ. ಕರಿ ಎಳ್ಳು! ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ, 'ದಿನಾ ಗುರೆಳ್ಳ ಹಿಂಡಿ ತಿಂತಿ, ಹೆಸರು ಬರಿಲಾಕ ಬರ್ಲಿಲ್ಲೇನು?' ಎಂದಳು. ಐದು ರೂಪಾಯಿ ದಂಡದ ಕತೆ ಅವಳಿಗೆ ಹೇಳಿ ಏನು ಪ್ರಯೋಜನ.

ಕಾಕಾನ ಮಗಳಿಗೆ ಕಲಬುರಗಿಯ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನನಗೆ ಎಲ್ಲಿಯೂ ಸಿಗಲಿಲ್ಲ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟು ನನ್ನ ಮೇಲಲ್ಲ ಎಂದು ಆಮೇಲೆ ತಿಳಿಯಿತು.

ಇಷ್ಟು ಓದಿ, 'ಹಾಗಾದರೆ ಅಕ್ಕನ ಮಗಳನ್ನು ಊರ ಶಾಲೆಯಲ್ಲೇ ಬಿಡಿ ಎಂದು ಹೇಳು' ಎಂದು ನೀವು ಅನ್ನಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಆ ಹುಡುಗಿಯ ಮೊದಲ ಸೆಮಿಸ್ಟರ್ ನನಗೆ ನೆನಪಿದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅಳುತ್ತಿದ್ದಳು. ಎಲ್ಲ ಪಾಠ ಇಂಗ್ಲಿಷಿನಲ್ಲಿ. ಹೊಲದಲ್ಲಿ ಕಣ್ಣುಮುಚ್ಚಿ ಗುರುತಿಸುವ ಮಣ್ಣಿನ ಬಗ್ಗೆ ಪುಸ್ತಕದಲ್ಲಿ ಒಂದು ಪುಟ ಓದಲು ಒಂದು ತಾಸು. ಆಗ ಅವಳ ಪುಟಗಳನ್ನು ಫೋನಿನಲ್ಲಿ ಬಿಡಿಸಿ ಹೇಳಿದವನು ನಾನೇ. ಆಗಲೇ ನನ್ನ ಇಂಗ್ಲಿಷ್ ಮೊದಲ ಸಲ ಕೆಲಸಕ್ಕೆ ಬಂದದ್ದು. ಮುಂದೆ ಅಫಜಲಪುರದಲ್ಲೇ ಪದವಿ ಮುಗಿಸಿ ಸಿಯುಇಟಿ ಬರೆದು ಕಡಗಂಚಿಗೆ ಬಂದಾಗ, ಬೇರೆ ಬೇರೆ ರಾಜ್ಯದ ಹುಡುಗರ ನಡುವೆ ನಾನು ಬಾಯಿ ಬಿಡಲು ಹೆದರಲಿಲ್ಲ. ನಮ್ಮ ಭಾಗದ ಎಷ್ಟೋ ಜಾಣರು ಹೆದರುವುದನ್ನು ಇಲ್ಲಿ ದಿನಾ ನೋಡುತ್ತೇನೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನಲ್ಲೇ. ಆದರೆ ಅಕ್ಕನ ಊರಿನಲ್ಲಿ ಕೇಳಿದರೆ, 'ಅದು ಹೊರಗಿನ ಮಂದಿಗಿ' ಎನ್ನುತ್ತಾರೆ. ಅಲ್ಲಿ ಪದವಿಗೆ ಸೇರಲು ಬರೆಯುವ ಸಿಯುಇಟಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ಎಂದರೆ ನಂಬುವುದಿಲ್ಲ.

ಮೂರನೆಯ ದಾರಿ ಜೇವರ್ಗಿಯದು. ನಮ್ಮ ಸೋದರಮಾವನ ಮಗ ಅಲ್ಲಿಯ ಹಳ್ಳಿಯವನು. ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಗಣಿತಕ್ಕೆ ಡುಮ್ಕಿ. ನಮ್ಮ ಜಿಲ್ಲೆಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. 2025ರಲ್ಲಿ ಕಲಬುರಗಿಯ ಫಲಿತಾಂಶ ಶೇ 42.43, ರಾಜ್ಯಕ್ಕೆ ಕೊನೆ. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91ರ ಮೇಲೆ. ಮಾವ ಅವನನ್ನು ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಕಳಿಸಲು ಬಟ್ಟೆ ಕಟ್ಟಿಸಿದ್ದ. ಎರಡನೇ ಪರೀಕ್ಷೆ ಬರೆಯಬಹುದು, ವರ್ಷ ಹೋಗುವುದಿಲ್ಲ ಎಂದು ಅವನಿಗೆ ಹೇಳಿದ್ದು ಅವನ ಹೈಸ್ಕೂಲಿನ ದೈಹಿಕ ಶಿಕ್ಷಕರು. ಮನೆಗೇ ಬಂದು ಹೇಳಿದರು. ಪಾಸಾದ. ಈಗ ಐಟಿಐ ಎಲೆಕ್ಟ್ರಿಷಿಯನ್ ಎರಡನೇ ವರ್ಷ. ಮುಗಿದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಆದರೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ. ಈ ಏಣಿ ಇರುವುದು ಅವನ ಕ್ಲಾಸಿನ ಎಷ್ಟು ಮಂದಿಗೆ ಗೊತ್ತು ಎಂದು ಕೇಳಿದೆ. 'ನಂಗ ಒಬ್ಬಂಗೇ ಗೊತ್ತದ ಅಣ್ಣಾ, ಅದೂ ನೀ ಹೇಳಿದ್ದಕ್ಕ' ಎಂದ. ಅವನ ಜೊತೆ ಫೇಲಾದ ನಾಲ್ವರು ಈಗ ಪುಣೆಯಲ್ಲೇ ಇದ್ದಾರೆ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ನಮ್ಮ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಅಲ್ಲಿಂದೀಚೆಗೆ ಕಟ್ಟಡ ಬಂದಿವೆ, ಕಾಲೇಜು ಬಂದಿವೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಹುಡುಗಿಯರು ಟಿಕೆಟ್ ದುಡ್ಡಿನ ಚಿಂತೆಯಿಲ್ಲದೆ ಕಲಬುರಗಿವರೆಗೆ ಓದಲು ಹೋಗುತ್ತಿದ್ದಾರೆ. ಬರದೇ ಇರುವುದು ಒಂದೇ: ಐದನೇ ತರಗತಿಯಲ್ಲಿ, ಎಂಟರಲ್ಲಿ, ಹತ್ತರಲ್ಲಿ ಮನೆಗೆ ಬಂದು 'ನೋಡ್ರಿ, ಈ ಕಡೆ ಹೋದರೆ ಇದು ಸಿಗ್ತದ, ಇದು ಹೋಗ್ತದ' ಎಂದು ಬಾಯಿಬಿಟ್ಟು ಹೇಳುವ ಮನುಷ್ಯ. ಅಪ್ಪ ನನ್ನನ್ನು ವ್ಯಾನು ಹತ್ತಿಸಿದ ದಿನವೇ ನನ್ನ ಸಿಇಟಿ ಅರ್ಜಿಯ ಎರಡು ಕಲಂ ಖಾಲಿಯಾಗಿದ್ದವು. ಗೊತ್ತಿದ್ದೂ ಹತ್ತಿಸಿದ್ದರೆ ಅದು ಬೇರೆ ಮಾತು.

ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ಆದರ್ಶ ವಿದ್ಯಾಲಯ ಸರ್ಕಾರದ್ದು, ಹಿಂದುಳಿದ ತಾಲ್ಲೂಕುಗಳಿಗೆಂದೇ 2010–11ರಲ್ಲಿ ಶುರು ಮಾಡಿದ್ದು, ರಾಜ್ಯದಲ್ಲಿ 74 ಇವೆ, ಪ್ರವೇಶ ಪರೀಕ್ಷೆ ಪಾಸಾದರೆ ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ, ಅಡತ ಅಂಗಡಿಗೆ ಹೋಗುವ ಪ್ರಮೇಯವಿಲ್ಲ ಎಂದೆ. ಆದರೆ ಅಲ್ಲಿಗೆ ಹೋದರೆ ಕನ್ನಡ ಮಾಧ್ಯಮದ ಶೇ 5 ಹೋಯಿತು ಎಂದು ತಿಳಿ. ಗ್ರಾಮೀಣದ ಶೇ 15 ಉಳಿಯುತ್ತದೋ ಇಲ್ಲವೋ, ಶಾಲೆಯ ಜಾಗ ಪುರಸಭೆಗೆ ಸೇರುತ್ತದೋ ಪಂಚಾಯಿತಿಗೋ ಎಂದು ಮಾಮಾನೇ ಬಿಇಒ ಕಚೇರಿಯಲ್ಲಿ ಕೇಳಿ ಬರಲಿ. ಊರಲ್ಲೇ ಉಳಿದರೆ ಎರಡೂ ಇರುತ್ತವೆ, ಆದರೆ ದಿನಾ ಒಂದು ಪುಟ ಇಂಗ್ಲಿಷ್ ಓದಿಸುವ ಜವಾಬ್ದಾರಿ ನನ್ನದು, ವಿಡಿಯೊ ಕಾಲ್‌ನಲ್ಲಿ. ಮೂರನೆಯದಕ್ಕೆ ಹಾಕುವುದಾದರೆ, ಬೋರ್ಡ್ ನೋಡಬೇಡಿ, ಕಳೆದ ಮೂರು ವರ್ಷದಲ್ಲಿ ಗಣಿತಕ್ಕೆ ಎಷ್ಟು ಮೇಷ್ಟ್ರು ಬದಲಾದರು ಕೇಳಿ.

'ಇಷ್ಟೆಲ್ಲಾ ಯಾರಿಗಿ ಗೊತ್ತಿರ್ತದೋ ತಮ್ಮಾ' ಎಂದಳು ಅಕ್ಕ. ಮಾಮಾ ಆ ಬದಿಯಿಂದ 'ಬರಕೋ, ಬರಕೋ' ಎನ್ನುವುದು ಕೇಳಿಸಿತು. ಪರೀಕ್ಷೆ ಬರೆಸುವುದು, ಫಲಿತಾಂಶ ನೋಡಿ ಮುಂದಿನದು ಎಂದು ತೀರ್ಮಾನವಾಯಿತು.

ಆಮೇಲೆ ಫೋನು ಪೋರಿಯ ಕೈಗೆ ಹೋಯಿತು. ಇಷ್ಟು ದಿನ ಅವಳನ್ನು ಯಾರೂ ಏನೂ ಕೇಳಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಅವಳದು ಒಂದೇ ಪ್ರಶ್ನೆ.

'ಮಾಮಾ, ಅಲ್ಲಿ ಕನ್ನಡ ಮಾತಾಡಿದ್ರ ದಂಡ ಹಾಕ್ತಾರೇನು?'

ಶನಿವಾರ ಹೋಗಿ ಕೇಳಿಕೊಂಡು ಬರುತ್ತೇನೆ ಎಂದಿದ್ದೇನೆ.